ಕಂಪ್ಯೂಟರ್ ಫೋನಿನ ವಿಳಾಸ

ಜನ್ನಾಪುರದಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಅತ್ತೆ, ಸೊಸೆ ಇಬ್ಬರು ಕೂತಿದ್ದರು.

“ಮಾವ ಮನೇಲಿ ಒಬ್ರೇ ಇದಾರೆ ಅಂತ ಹೆದರ್ಬೇಡಿ ಅತ್ತೆ. ಎದೆನೋವು ಬಂದ್ರೆ ಇಂಟರ್ನೆಟ್ಟಲ್ಲಿ ಮಾತಾಡೋ ಆ ಕಂಪ್ಯೂಟರ್ ಫೋನಲ್ಲೇ ಆಂಬುಲೆನ್ಸ್ ಕರೀತಾರೆ. ಮನೆ ಎಲ್ಲಿದೆ ಅಂತ ಅದೇ ತಿಳಿಸುತ್ತೆ.”

“ಅದಕ್ಕೆ ಹೇಗೆ ಗೊತ್ತು?”

“ನಾನೇ ವಿಳಾಸ ತುಂಬಿ ಆನ್ ಮಾಡಿದೀನಲ್ಲ.”

“ಯಾವಾಗ?”

“ವಿದ್ಯಾನಗರದ ಹಳೇ ಮನೇಲಿದ್ದಾಗ.”

“ಜನ್ನಾಪುರದ ಮನೇಲಿ ಹಾಲುಕ್ಕಿಸಿ ಮೂರು ತಿಂಗಳಾಯ್ತಲ್ಲೇ ಮಾರಾಯ್ತಿ!”



“ಜನ್ನಾಪುರ ಅಂತ ಮಾವನೇ ಬಾಯಲ್ಲಿ ಹೇಳ್ತಾರೆ ಬಿಡಿ.”

“ಆ ಹೊತ್ತಿಗೆ ಮಾತೇ ಹೊರಡದಿದ್ರೆ?”

ಎನ್ನುತ್ತಲೇ ಅತ್ತೆ ಕಂಡಕ್ಟರಿಗೆ “ಹೋಲ್ಡಾನ್!” ಎಂದು ಕೂಗಿ ಎದ್ದರು.

“ಇಳಿ, ಇಳಿ. ಮೊದ್ಲು ಆ ಫೋನಿಗೂ ಗೃಹಪ್ರವೇಶ ಮಾಡ್ಸಿ ಬರೋಣ.”