ಕಿತ್ತಳೆ ರಿಬ್ಬನ್ನಿನ ಅತಿಥಿ

"ಸತ್ತು ನೂರು ವರ್ಷ ದಾಟಿದೆ ಕಣಮ್ಮಾ! ಅವನ ಎದೆ ಮೇಲಿದ್ದದ್ದು ಈ ಪದಕವೋ ಆ ಪದಕವೋ, ಅದರಿಂದ ಈಗ ಯಾರ ಮನೆ ಮುಳುಗುತ್ತೆ?" ಎಂದು ಹಾಬ್ಬೊ ಮೇಜು ಗುದ್ದಿದ ರಭಸಕ್ಕೆ ಚಹಾದ ಬಟ್ಟಲುಗಳು ಗಲಗಲ ಎಂದವು.

"ಮುಳುಗೋದು ನಿನ್ನ ಮಾನ," ಎಂದಳು ಹಿಸ್ಕೆ. "ತಪ್ಪು ಅಂತ ನಿನಗೂ ಗೊತ್ತು. ನಾನು ರಿಬ್ಬನ್ನಿನ ಗೆರೆ ಅಳೆದು ತೋರಿಸಿದೆ, ನೀನು ಬಾಯಿ ಮುಚ್ಕೊಂಡು ಒಪ್ಪಿಕೊಂಡೆ. ಈಗ ಪುಸ್ತಕದಲ್ಲಿ ಒಂದು ತಿದ್ದುಪಡಿ ಚೀಟಿ ಅಂಟಿಸೋಕೆ ನಿನಗೇನು ರೋಗ?"

"ನನ್ನ ಪುಸ್ತಕಕ್ಕೆ ತೇಪೆ ಹಾಕಲಾ? ನಿನ್ನೆ ಮೊನ್ನೆ ಭೂತಗನ್ನಡಿ ಹಿಡಿದವಳು ನನಗೆ ಪಾಠ ಹೇಳ್ತೀಯಾ?"

"ಹೇಳಿಸಿಕೊಳ್ಳೋ ಹಾಗೆ ಮಾಡಿದ್ದೀಯಲ್ಲ, ಹೇಳ್ತೀನಿ!"

ಜರ್ಮನಿಯ ಎಮ್ಸ್ ನದಿಯ ದಡದ ಆ ಊರಿನ ಚಹಾದಂಗಡಿಯ ಹಿಂದಿನ ಕೋಣೆಯಲ್ಲಿ, ತಿಂಗಳಿಗೊಮ್ಮೆ ಇಂಥ ಜಗಳ ಇದ್ದದ್ದೇ. ಅಲ್ಲಿ ಸೇರುತ್ತಿದ್ದವರಿಗೆ ಹಳೆಯ ಸೈನಿಕರ ಫೋಟೋ ಓದುವ ಹುಚ್ಚು. ಕಾಲರಿನ ಪಟ್ಟಿ, ಹೆಗಲ ಗುಂಡಿ, ಎದೆಯ ರಿಬ್ಬನ್ನು ನೋಡಿ, ಹೆಸರಿಲ್ಲದ ಅಧಿಕಾರಿ ಯಾರು, ಯಾವ ದಳದವನು, ಏನು ಮಾಡಿ ಪದಕ ಪಡೆದ ಎಂದು ಪತ್ತೆ ಮಾಡುವವರು. ಅವರ ಮುಖ್ಯಸ್ಥ ಹಾಬ್ಬೊ. ಮೊದಲ ಮಹಾಯುದ್ಧಕ್ಕೆ ಈ ಸೀಮೆಯಿಂದ ಹೋದ ಅಧಿಕಾರಿಗಳ ಫೋಟೋಗಳನ್ನೆಲ್ಲ ಸೇರಿಸಿ ಆ ವಸಂತದಲ್ಲಿ ದಪ್ಪ ಪುಸ್ತಕ ತಂದಿದ್ದ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹಿಸ್ಕೆ ಅದರಲ್ಲಿ ಒಂದು ತಪ್ಪು ಹಿಡಿದಿದ್ದಳು. ಓಕ್ಕೊ ಎಂಬ ಲೆಫ್ಟಿನೆಂಟಿನ ಫೋಟೋದ ಕೆಳಗೆ 'ಕಬ್ಬಿಣದ ಶಿಲುಬೆ ಪಡೆದ ವೀರ' ಎಂದು ಅಚ್ಚಾಗಿತ್ತು. ಅವನು ಪಡೆದದ್ದು ಯುದ್ಧದಲ್ಲಿ ಹೋರಾಡಿದವರಿಗೆ ಕೊಡುವ ಆ ಪದಕವಾಗಿರಲಿಲ್ಲ.

ಹೊರಗೆ ನವೆಂಬರಿನ ಮಳೆ ಅಡ್ಡಡ್ಡ ಬೀಸಿ ಹೊಡೆಯುತ್ತಿತ್ತು. ಉಳಿದವರು ಯಾರೂ ಬಂದಿರಲಿಲ್ಲ. ಒಲೆಯ ಪಕ್ಕ ಕುಳಿತಿದ್ದ ಆಲ್ಮುಟ್ ಅಜ್ಜಿ, ಈ ಕೂಟ ಕಟ್ಟಿದ ಎನ್ನೊನ ಹೆಂಡತಿ, ಗಂಡ ತೀರಿಹೋದ ಮೇಲೂ ಬರುವುದನ್ನು ಬಿಟ್ಟಿರಲಿಲ್ಲ. ಅವಳು ಕೈಚಾಚಿ ಪುಸ್ತಕ ಎಳೆದುಕೊಂಡಳು. ಹಿಸ್ಕೆ ತೆರೆದಿಟ್ಟಿದ್ದ ಪುಟವನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ತುಂಬ ಹೊತ್ತು ನೋಡಿದಳು.

"ಕೂತ್ಕೊಳ್ಳಿ ಇಬ್ಬರೂ," ಎಂದಳು. "ಮಳೆ ನಿಲ್ಲೋ ಹಾಗಿಲ್ಲ, ನಿಮ್ಮ ಬಾಯಿ ಅಂತೂ ನಿಲ್ಲೋದೇ ಇಲ್ಲ. ಇವನಿಗೆ ನಾನು ಚಹಾ ಕೊಟ್ಟಿದ್ದೀನಿ ಕಣ್ರೋ."

ಹಾಬ್ಬೊ ಗೊಳ್ಳೆಂದು ನಕ್ಕ. "ಅಜ್ಜೀ, ಇವನು ಸತ್ತಾಗ ನೀವಿನ್ನೂ ಹುಟ್ಟೇ ಇರಲಿಲ್ಲ!"

"ಹೌದಲ್ವಾ? ನಾನೂ ಅದನ್ನೇ ಹೇಳ್ತಿರೋದು."

ಹಾಬ್ಬೊನ ನಗು ಅರ್ಧಕ್ಕೆ ನಿಂತಿತು. ಹಿಸ್ಕೆ ಕುರ್ಚಿ ಎಳೆದುಕೊಂಡು ಅಜ್ಜಿಯ ಮಗ್ಗುಲಿಗೆ ಕುಳಿತಳು.

"ಆಗ ನಮಗೆ ಹೊಸದಾಗಿ ಮದುವೆಯಾಗಿತ್ತು. ನಮ್ಮ ಎನ್ನೊ ಅಂದ್ರೆ ಊರಿಗೆಲ್ಲ ದೊಡ್ಡ ಪಂಡಿತ... ಯಾರ ಮನೆ ಅಟ್ಟದಲ್ಲಿ ಹಳೇ ಫೋಟೋ ಸಿಕ್ಕರೂ ನಮ್ಮ ಬಾಗಿಲಿಗೆ ತರೋರು. ಒಂದಿನ ತೇಡಾ ಅಂತ ಒಬ್ಬ ಹೆಂಗಸು ಬಂದಳು, ತಲೆ ಎಲ್ಲಾ ಬೆಳ್ಳಗಾಗಿತ್ತು. ಕೈಯಲ್ಲಿ ಇದೇ ಫೋಟೋ. 'ಇವರು ನಮ್ಮಪ್ಪ. ನಾನು ಹೊಟ್ಟೇಲಿದ್ದಾಗ ಯುದ್ಧಕ್ಕೆ ಹೋದೋರು ಬರಲೇ ಇಲ್ಲ. ನನ್ನನ್ನ ಎತ್ತಿಕೊಳ್ಳದ ಆ ಕೈ ಏನು ಮಾಡ್ತು ಅಂತ ಒಂದು ಮಾತು ತಿಳಿದರೆ ಸಾಕು' ಅಂದಳು. ಅಷ್ಟೇ ಕೇಳಿದ್ದು ಪಾಪ. ನಮ್ಮೆಜಮಾನ್ರು ಭೂತಗನ್ನಡಿ ಹಿಡಿದರು, ಗುಂಡಿಯ ತೂತಿನಲ್ಲಿ ಸಿಕ್ಕಿಸಿದ್ದ ರಿಬ್ಬನ್ನು ನೋಡಿದರು. ನಡುವೆ ಕಪ್ಪು, ಅಂಚಿಗೆ ಬಿಳಿ ಗೆರೆ. ಇನ್ನೇನು ಬೇಕು? 'ಕಬ್ಬಿಣದ ಶಿಲುಬೆ ತಾಯೀ. ನಿಮ್ಮಪ್ಪ ಶತ್ರುಗಳನ್ನ ಕೆಡವಿದ ವೀರ' ಅಂದು, ಫೋಟೋದ ಬೆನ್ನ ಮೇಲೆ ಶಾಯಿಯಲ್ಲಿ ದಪ್ಪಗೆ ಬರೆದೂ ಬಿಟ್ಟರು.

"ಆ ಹೆಂಗಸಿನ ಮುಖ ನೋಡಬೇಕಿತ್ತು ನೀವು... ಹಿಟ್ಟಿನ ಹಾಗಾಯ್ತು. ಅವಳ ಮಗ, ಇನ್ನೂ ಮೀಸೆ ಚಿಗುರದ ಹುಡುಗ, ಎರಡನೇ ಯುದ್ಧದ ಕೊನೇಲಿ ಸತ್ತಿದ್ದನಂತೆ. ಸರ್ಕಾರ ಮಗನ ಬದಲು ಒಂದು ಕಬ್ಬಿಣದ ಶಿಲುಬೆ ಕಳಿಸಿತ್ತಂತೆ. ಅವಳು ಅದನ್ನ ನದಿಗೆ ಎಸೆದು ಬಂದೋಳು. 'ಹಾಗಾದ್ರೆ ಇವರೂ ಅದೇ ಕೊಲ್ಲೋ ಜಾತಿಯೋರು' ಅಂದಳು, ಫೋಟೋನ ಮೇಜಿನ ಮೇಲೇ ಬಿಟ್ಟಳು. 'ಇದು ನನ್ನ ಮನೇಲಿ ಬೇಡ' ಅಂತ ಹೋಗಿಬಿಟ್ಟಳು. ಮಗಳು ಅಪ್ಪನ್ನ ಮನೆಯಿಂದ ಆಚೆ ಹಾಕಿದ ಹಾಗಲ್ವಾ ಅದು? ಆಚೆ ಹಾಕಿದ ಮನುಷ್ಯ ಎಲ್ಲಿಗೆ ಹೋಗಬೇಕು, ನೀವೇ ಹೇಳಿ?"

ಗಾಳಿಗೆ ಕಿಟಕಿಯ ಗಾಜು ಅದುರಿತು. ಹಿಸ್ಕೆ ತನಗೆ ಅರಿವಿಲ್ಲದೆ ಒಲೆಯ ಕಡೆ ಸರಿದಳು.

"ಅದಾದ ಮೇಲೆ ಮೊದಲ ಮಳೆ ಬಂದ ದಿನ, ಮಧ್ಯಾಹ್ನದ ಚಹಾ ಹೊತ್ತಿಗೆ, ಅಡುಗೆಮನೆಯಿಂದ ಕೆಟಲು ಹಿಡಿದು ಬರ್ತೀನಿ... ಕುರ್ಚಿ ಮೇಲೆ ಯಾರೋ ಕೂತಿದ್ದಾರೆ. ಮೈಯೆಲ್ಲ ತೊಪ್ಪೆಯಾಗಿ ನೀರು ಸೋರ್ತಿದೆ. ಮುಖ ಬೂದಿ, ಕೈ ಬೂದಿ, ಕೋಟು ಬೂದಿ... ಥೇಟ್ ಹಳೇ ಫೋಟೋ ಎದ್ದು ಬಂದ ಹಾಗೆ. ಅಷ್ಟು ಬೂದಿಯ ನಡುವೆ ಬಣ್ಣ ಇದ್ದದ್ದು ಒಂದೇ ಕಡೆ. ಗುಂಡಿಯ ತೂತಿನಲ್ಲಿದ್ದ ರಿಬ್ಬನ್ನು ಕಿತ್ತಳೆ ಹಣ್ಣಿನ ಹಾಗೆ ಉರೀತಿತ್ತು! ಅವನು ಬೆರಳಿಂದ ಅದನ್ನೇ ಮುಟ್ಟಿ ಮುಟ್ಟಿ ತೋರಿಸ್ತಾನೆ, ಮಾತಿಲ್ಲ ಕತೆಯಿಲ್ಲ. ನಾನು ಕಿರುಚಲಿಲ್ಲ. ಯಾಕೆ ಗೊತ್ತಾ? ಆ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಚಳೀಲಿ ಬಂದೋರಿಗೆ ಏನು ಮಾಡ್ತೀವಿ ನಾವು? ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿದೆ, ಚಹಾ ಹುಯ್ದೆ, ಮೇಲೆ ಕೆನೆ ಬಿಟ್ಟೆ. ಕುಡಿದನೋ ಇಲ್ವೋ ಕಾಣೆ, ಬಟ್ಟಲು ಖಾಲಿಯಾಯ್ತು. ಚಮಚ ಮಾತ್ರ ಬಟ್ಟಲೊಳಗೆ ಇಡಲಿಲ್ಲ. ಚಮಚ ಇಡೋ ತನಕ ಅತಿಥಿಗೆ ಸಾಕಾಗಿಲ್ಲ ಅಂತ ತಾನೆ ನಮ್ಮಲ್ಲಿ? ಮತ್ತೆ ಹುಯ್ದೆ, ಮತ್ತೆ ಹುಯ್ದೆ... ಕೆಟಲು ಬರಿದಾಯ್ತು, ಅವನ ಚಮಚ ತಟ್ಟೇಲೇ ಇತ್ತು. ಇನ್ನಷ್ಟು ನೀರು ಕಾಯಿಸೋಣ ಅಂತ ಒಳಗೆ ಹೋಗಿ ಬರೋದ್ರಲ್ಲಿ ಬರೀ ಒದ್ದೆ ಕುರ್ಚಿ.

"ಮಳೆ ಬಂದಾಗೆಲ್ಲ ಬಂದ. ಎನ್ನೊಗೂ ಕಂಡ. ನಮ್ಮ ಪಂಡಿತರು ಒಪ್ಪಬೇಕಲ್ಲ! 'ಕಬ್ಬಿಣದ ಶಿಲುಬೆಗೆ ಕಿತ್ತಳೆ ರಿಬ್ಬನ್ನು ಇಲ್ಲವೇ ಇಲ್ಲ' ಅಂತ ದೆವ್ವದ ಜೊತೆಗೇ ವಾದ. 'ರೀ, ಅವನ ಬಟ್ಟೆ ಅವನಿಗೆ ಗೊತ್ತಿಲ್ವಾ?' ಅಂದೆ ನಾನು. ಅದಾದ ಮೇಲೆ ಒಂದಿನ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು. ಆ ಕಾಲದಲ್ಲಿ ಫೋಟೋ ತೆಗೀತಿದ್ದ ಗಾಜಿನ ಫಲಕಕ್ಕೆ ಹಳದಿ, ಕಿತ್ತಳೆ ಎಲ್ಲಾ ಕಪ್ಪಾಗೇ ಕಾಣ್ತಿದ್ದವು. ಈ ಕಸುಬಿನೋರಿಗೆಲ್ಲ ಗೊತ್ತಿರೋ ಮಾತು, ಆದ್ರೆ ಅವಸರದಲ್ಲಿ ಎಲ್ಲರೂ ಎಡವೋದು ಅಲ್ಲೇ. ಕಿತ್ತಳೆ ನಡುವೆ, ಅಂಚಿಗೆ ಬಿಳಿ ಗೆರೆ... ಯಾವ ರಿಬ್ಬನ್ನು ಹೇಳು ಹಾಬ್ಬೊ?"

ಹಾಬ್ಬೊ ಪುಸ್ತಕದಿಂದ ಮುಖ ತಿರುಗಿಸಿದ. ಹಿಸ್ಕೆ ಮೆಲ್ಲಗೆ ಹೇಳಿದಳು. "ಪ್ರಾಣ ಉಳಿಸಿದವರಿಗೆ ಕೊಡ್ತಿದ್ದ ಪದಕದ್ದು."

"ಹ್ಞಾಂ. ಯುದ್ಧಕ್ಕೆ ಮುಂಚೆ, ನಮ್ಮ ಎಮ್ಸ್ ನದಿಯ ಮಂಜುಗಡ್ಡೆ ಒಡೆದು ಮಕ್ಕಳು ಒಳಗೆ ಹೋದಾಗ, ಬೂಟು ಸಮೇತ ಹಾರಿ ಎಳೆದು ತಂದೋನಂತೆ ಅವನು. ಊರ ಮುದುಕರನ್ನ ಕೇಳಿದಾಗ ಹೇಳಿದರು. ಸತ್ತದ್ದೇನೋ ಗುಂಡಿಗೆ, ಎಲ್ಲೋ ದೂರದ ಹೊಲದಲ್ಲಿ. ಆದ್ರೆ ಬರೋದು ನದಿಯಿಂದ ಈಗ ತಾನೇ ಎದ್ದ ಹಾಗೆ. ಮನುಷ್ಯ ತಾನು ಬದುಕಿದ್ದಕ್ಕೆ ಸಾರ್ಥಕ ಅನ್ನಿಸಿದ ದಿನದ ಒದ್ದೇಲೇ ತಿರುಗಿ ಬರ್ತಾನೋ ಏನೋ...

"ಎನ್ನೊ ಫೋಟೋ ಹಿಡ್ಕೊಂಡು ತೇಡಾ ಮನೆಗೆ ಓಡಿದರು, ನಾನೂ ಹೋದೆ. ಹಿಂದೆ ಬರೆದದ್ದನ್ನ ಅವಳ ಎದುರೇ ಹೊಡೆದುಹಾಕಬೇಕು ಅಂತ ಪೆನ್ನು ಬೇರೆ ತಗೊಂಡಿದ್ದರು. ಎಲ್ಲಾ ಹೇಳಿದರು, ಕೈ ಮುಗಿಯೋದೊಂದು ಬಾಕಿ. ಅವಳು ಕೇಳಿಸಿಕೊಂಡಳು... ಏನಂದಳು ಗೊತ್ತಾ? 'ಅವತ್ತೂ ಹೀಗೇ ಗಟ್ಟಿಯಾಗಿ ಹೇಳಿದ್ರಿ. ಇವತ್ತು ಮುದುಕಿ ಅಳ್ತಾಳೆ ಅಂತ ಸಿಹಿ ಮಾತು ತಂದಿದ್ದೀರಿ. ಯಾವುದನ್ನ ನಂಬಲಿ?' ಫೋಟೋ ಕಿತ್ಕೊಂಡಳು, ಮೇಜಿನ ಡ್ರಾಯರಿಗೆ ಮುಖ ಕೆಳಗೆ ಮಾಡಿ ಹಾಕಿದಳು, ಬಾಗಿಲು ಮುಚ್ಚಿದಳು. ನಂಬದೇನೇ ಸತ್ತಳು ಕಣ್ರೋ. ಆ ದಿನದಿಂದ ಅವನು ನಮ್ಮ ಮನೆಗೆ ಬರಲಿಲ್ಲ. ಮಗಳ ಮನೆ ಸೇರಿದ ಅಂದುಕೊಂಡ್ವಿ. ಎಲ್ಲಿಯ ಸೇರೋದು! ಅಷ್ಟು ವರ್ಷ ಡ್ರಾಯರಿನ ಕತ್ತಲಲ್ಲಿ ಬಿದ್ದಿದ್ದ. ಅವಳ ಸಾಮಾನು ಮಾರಿದಾಗ ಯಾರೋ ಕೊಂಡ್ಕೊಂಡರು, ಬೆನ್ನ ಮೇಲಿನ ಶಾಯಿ ನೋಡಿದರು, ನಂಬಿದರು, ಅಚ್ಚು ಹಾಕಿಸಿದರು."

ಹಾಬ್ಬೊ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡ. "ನನಗೇನು ಕನಸು ಬಿದ್ದಿತ್ತಾ ಅಜ್ಜೀ? ಎನ್ನೊನ ಕೈಬರಹ ಅಂತ ನಂಬಿದೆ."

"ನಂಬಿದ್ದು ತಪ್ಪಲ್ಲ ಮಗಾ. ನಮ್ಮೆಜಮಾನ್ರದ್ದೂ ಮೊದಲು ಬರೀ ಎಡವಟ್ಟೇ. ಈಗ ನಿನಗೆ ಗೊತ್ತಾಗಿದೆ. ಗೊತ್ತಾದ ಮೇಲೂ ಯಾರ ಮನೆ ಮುಳುಗುತ್ತೆ ಅಂತ ಕೇಳ್ತೀಯಲ್ಲ..." ಅಜ್ಜಿ ಮುಂದಕ್ಕೆ ಬಾಗಿ ಅವನ ಮುಖವನ್ನೇ ದಿಟ್ಟಿಸಿದಳು. "ಒಂದು ಮಾತು ಕೇಳ್ತೀನಿ, ನಿಜ ಹೇಳು. ಪುಸ್ತಕ ಬಂದಾಗಿನಿಂದ, ಮಳೆ ಬಂದ ದಿನ, ನಿನ್ನ ಮನೇಲಿ ಕುರ್ಚಿ ಒದ್ದೆಯಾಗ್ತಿದೆ ತಾನೆ?"

ಹಾಬ್ಬೊನ ಮುಖದ ರಕ್ತ ಇಳಿದುಹೋದದ್ದನ್ನು ಹಿಸ್ಕೆ ಕಣ್ಣಾರೆ ಕಂಡಳು. "ಚಾವಣಿ ಸೋರ್ತಿದೆ," ಎಂದು ಗೊಣಗಿದ. ಆಮೇಲೆ ಇದ್ದಕ್ಕಿದ್ದಂತೆ ಎದ್ದು ಅರಚಿದ. "ಚಾವಣಿ ಸೋರ್ತಿದೆ ಅಷ್ಟೇ! ರಿಪೇರಿಯವನಿಗೆ ಹೇಳಿದ್ದೀನಿ! ಮುದುಕಿ ಕತೆ ಕೇಳೋಕೆ ನಾನು ಇಲ್ಲಿಗೆ ಬರಬೇಕಾ?" ಕೋಟು ಕೊಡೆ ಎಳೆದುಕೊಂಡು, ಬಾಗಿಲನ್ನು ದಡಾರನೆ ಹಾಕಿ ಹೊರಟೇಹೋದ.

ಹಿಸ್ಕೆ ಕಿಟಕಿಗೆ ಓಡಿ ಗಾಜಿನ ಮಂಜು ಒರೆಸಿದಳು. ಬೀದಿಯಲ್ಲಿ ಹಾಬ್ಬೊ ಬಿರಬಿರನೆ ನಡೆಯುತ್ತಿದ್ದ. ಸ್ವಲ್ಪ ದೂರ ಹೋಗಿ ನಿಂತ. ಪಕ್ಕಕ್ಕೆ ತಿರುಗಿ ನೋಡಿದ. ನೋಡುತ್ತಲೇ ನಿಂತಿದ್ದು, ಕೊನೆಗೆ ಕೊಡೆ ಹಿಡಿದ ಕೈಯನ್ನು ಮೆಲ್ಲಗೆ ಅತ್ತ ಚಾಚಿದ. ಕೊಡೆ ಪೂರ್ತಿ ಆ ಕಡೆಗೆ ವಾಲಿತು. ಅವನ ತಲೆ, ಹೆಗಲು ಮಳೆಯಲ್ಲಿ ನೆನೆಯತೊಡಗಿದವು. ಹಾಗೆಯೇ ನೆನೆಯುತ್ತಾ, ಯಾರದೋ ಹೆಜ್ಜೆಗೆ ಹೊಂದಿಸಿಕೊಂಡವನಂತೆ ನಿಧಾನವಾಗಿ ನಡೆದ.

"ಅಜ್ಜೀ," ಎಂದಳು ಹಿಸ್ಕೆ, "ಹಾಬ್ಬೊ ಖಾಲಿ ಜಾಗಕ್ಕೆ ಕೊಡೆ ಹಿಡಿದಿದ್ದಾನೆ."

ಆಲ್ಮುಟ್ ಅಜ್ಜಿ ಕುಳಿತಲ್ಲಿಂದ ಅಲುಗಲಿಲ್ಲ. "ಹೆದರ್ಕೋಬೇಡ ಮಗಳೇ. ನೀರಿಗೆ ಬಿದ್ದೋರನ್ನ ಎತ್ತಿದ ಕೈ ಅದು, ಯಾರನ್ನೂ ಮುಳುಗಿಸಲ್ಲ," ಎಂದಳು. "ಖಾಲಿ ಜಾಗ ಅಂತ ಮಾತ್ರ ಅನ್ನಬೇಡ... ಇನ್ನೊಂದು ಸಲ ನೋಡು."

ಹಿಸ್ಕೆ ನೋಡಲಿಲ್ಲ. ಹಾಬ್ಬೊ ಆ ಕೋಣೆಗೆ ಮತ್ತೆಂದೂ ಬರಲಿಲ್ಲ.