ಮಸೂತಿ ದಾರಿಯ ಭಂಡಾರದ ಕಲ್ಲು

...ಮೊದಲ ನೆಟ್ಟಗ ಕೂಡು, ಸುವರ್ಣಾ. ದಾರಿ ಸಮಿತಿ ಅಧ್ಯಕ್ಷರ ಮುಂದ ಕುಂತಿ, ಹೊಲದ ಬದುವಿನ ಮ್ಯಾಲಲ್ಲ. ಹಾಂ, ಮಸೂತಿ ಊರಿನ ಕಡೆ ದಾರಿ ಬಂದ್ ಆತು. ಕೇಳೇನಿ. ನೀ ನೆಡಿಸಿದ ಗುರುತಿನ ಕಲ್ಲಿಗೆ ಯಾರೋ ಅರಿಷಿಣದ ಭಂಡಾರ ಹಚ್ಯಾರ. ಈಗ ಅದು ದೇವರು. ದೇವರ ಮುಂದ ಚಪ್ಪಲಿ ಮೆಟ್ಟಿ ನಡಿಯಂಗಿಲ್ಲ, ಸೈಕಲ್ ಹೊಡಿಯಂಗಿಲ್ಲ. ಹೌದಿಲ್ಲೋ?

ಯಾಕ ನಗಾಕತ್ತಿ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ... ನಾಲ್ಕೂ ತಾಲ್ಲೂಕು ಕೂಡಿಸಿ, ನಡಿಯೋರಿಗೆ, ಸೈಕಲ್‌ನವರಿಗೆ, ಕುದರಿ ಸವಾರರಿಗೆ ದಾರಿ ಆಗಬೇಕಂತ ಮೊದಲ ಅಂದಾಕಿ ನಾನು. ನಮ್ಮ ಹೊಲದ ಬದುವಿನ ಮ್ಯಾಲೆ ಹಾದು ಹೋಗ್ಲಿ ಅಂತ ಜಾಗಾನೂ ಬಿಟ್ಟುಕೊಟ್ಟೆ. ನನ್ನ ಸಾಲ್ಯಾಗ ಅಕ್ಷರ ಕಲ್ತ ನೀ ಬಂದು, ನಮ್ಮ ಬದು ಬಿಟ್ಟು ಮಸೂತಿ ಕಡೆ ಹೋಗೋ ಕುರಿ ಹಿಂಡಿನವರ ಹಳೇ ದಾರಿ ತೋರಿಸಿದಿ. ಸಭಾ ಎಲ್ಲಾ ಚಪ್ಪಾಳಿ ಹೊಡೀತು. ನಾನೂ ಹೊಡದೆ. ಶಿಸ್ತು ಅಂದ್ರ ಶಿಸ್ತು.

ಹೊಟ್ಟಿಕಿಚ್ಚು? ನನಗ? ನಿನ್ನ ಮ್ಯಾಲೆ? ಕಾನ್ವೆಂಟಿನ್ಯಾಗ ಬೆಳದಾಕಿ ನಾ. ಕಲ್ಲು ಕಂಡಲ್ಲಿ ಕೈ ಮುಗಿಯೋ ಪೈಕಿನೂ ಅಲ್ಲ. ಇನ್ನ ದಾರಿ ನಮ್ಮ ಬದುವಿನ ಕಡೆ ಹೊರಳಬೇಕಾತಲ್ಲ... ಹೊರಳಲಿ. ನಾ ಏನು ಮಾಡ್ಲಿ?

ಏನು, ಇನ್ನೂ ಐತಿ? ಊರ ಹಿರಿಯರು ಕೂಡಿದ್ರಾ? ಹಾಂ... ದೇವರನ್ನ ಮೊದಲ ಕಂಡು ಭಂಡಾರ ಹಚ್ಚಿದ ಹೆಣ್ಣಮಗಳಿಗೆ ಊರೆಲ್ಲಾ ಕೂಡಿ ಉಡಿ ತುಂಬತಾರಂತ. ಡೊಳ್ಳು ಬಾರಿಸಿ. ಆಕಿ ಹೇಳಿದ ಕಡೆ ದಾರಿ ಬಿಡತಾರಂತ. ಯಾರಂತ ಆಕಿ?

ನೀನಾ?

ಕಲ್ಲು ನೆಡಿಸಿದಾಕಿ ನೀ, ಅದಕ್ಕ ಭಂಡಾರನೂ ನಿಂದ ಅಂತ ತಿಳದಾರಾ. ಮತ್ತ ನಾ ಅಲ್ಲ ಅನ್ನಬೇಕಿತ್ತು ನೀ. ಅಂದೀ? ಅಂದ್ರೂ ಕೇಳಲಿಲ್ಲಾ... ದೊಡ್ಡ ಗುಣದಾಕಿ, ಮಾಡಿದ್ದು ಹೇಳಿಕೊಳ್ಳಂಗಿಲ್ಲ ಅಂದ್ರಾ?

ಭೇಷ್. ದಾರಿನೂ ನಿಂದ, ಚಪ್ಪಾಳಿನೂ ನಿಂದ, ಈಗ ಉಡಿನೂ ನಿಂದ. ನಸುಕಿನ್ಯಾಗ ಎದ್ದು ಆ ಜಾಲಿ ಮುಳ್ಳಾಗ ನಡದಾಕಿ ನೀನೇನು? ಬಾವ್ಯಾಗಿನ ನೀರು ಸೇದಿ ಆ ಕಲ್ಲು ತೊಳದಾಕಿ ನೀನೇನು? ಭಂಡಾರ ಸಾಲಲಿಲ್ಲಂತ ಮತ್ತ ಮನಿಗೆ ಬಂದು ಅಡಗಿ ಅರಿಷಿಣ ಒಯ್ದಾಕಿ... ಆಕಿ...

ಸುವರ್ಣಾ.

ಯಾಕ ಎದ್ದು ನಿಂತಿ?

ಈ ಮಾತು ಹೊರಗ ಬಿಡಬ್ಯಾಡ, ನನ್ನವ್ವಾ.