ಕುಂಡಕ್ಕೆ ಸುರಿದ ಜ್ಯೂಸ್

ಕ್ಯಾನ್ಸರ್ ವಿಭಾಗದ ಹೊರಗಿನ ಬೆಂಚಿನ ಮೇಲೆ, ನನ್ನ ಪಕ್ಕದಲ್ಲಿ, ಅತ್ತಿಗೆ ನಾದಿನಿ ಇಬ್ಬರು ಕೂತಿದ್ದರು. ಅತ್ತಿಗೆಯ ತಲೆಗೆ ಹತ್ತಿಯ ಸ್ಕಾರ್ಫ್. ನಾದಿನಿಯ ತೊಡೆಯ ಮೇಲೆ ಜ್ಯೂಸಿನ ಫ್ಲಾಸ್ಕು.

“ಕೀಮೋ ಯಾಕೆ ನಾಟಲಿಲ್ಲ ಅಂತ ಗೊತ್ತಾಯ್ತು,” ಎಂದರು ಅತ್ತಿಗೆ. “ಅಂಡಾಶಯದಿಂದ ತೆಗೆದ ಗಡ್ಡೇಲಿ ಯಾವುದೋ ಪ್ರೋಟೀನ್ ಜಾಸ್ತಿ ಇದೆಯಂತೆ. ಅದಿದ್ದೋರಿಗೆ ಈ ಔಷಧಿ ನಾಟೋದು ಕಷ್ಟವಂತೆ.”

“ನಾನು ದಿನಾ ಮೊಟ್ಟೆ ಕೊಟ್ಟೆನಲ್ಲ, ಅದರಿಂದಾನಾ?”

“ಊಟದ್ದಲ್ಲ ಕಣೇ. ಗಡ್ಡೆ ತಾನೇ ಮಾಡ್ಕೊಳ್ಳೋದು. ಕೀಮೋ ಶುರು ಮಾಡೋಕೆ ಮುಂಚೆನೇ ಇತ್ತು.”

ನಾದಿನಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂತರು.

“ಹಾಗಾದ್ರೆ ನೀವು ನಾನು ಕೊಟ್ಟ ಜ್ಯೂಸ್ ಹೂವಿನ ಕುಂಡಕ್ಕೆ ಸುರೀತಿದ್ದಿದ್ದು...”

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ವಾಂತಿ ಬರ್ತಿತ್ತು, ಸುರಿದೆ.”

“ಮನೆ ಮಂದಿಗೆಲ್ಲ ಹೇಳ್ಬಿಟ್ಟೆನಲ್ಲ ಅತ್ತಿಗೆ. ಕೊಟ್ಟಿದ್ದನ್ನ ಚೆಲ್ಲಿದ್ರೆ ಔಷಧಿ ಎಲ್ಲಿಂದ ನಾಟುತ್ತೆ ಅಂತ.”

“ಗೊತ್ತು. ಮಲಗಿದ್ದಲ್ಲಿಗೇ ಕೇಳಿಸ್ತಿತ್ತು.”

“ಆಗಲೇ ನನಗೆ ಬೈಬಾರದಿತ್ತಾ?”

“ನಾನೂ ನಂಬಿಬಿಟ್ಟಿದ್ದೆ. ನಿಮ್ಮಣ್ಣನ ಹತ್ರ ತಪ್ಪಾಯ್ತು ಅಂತ ಕೇಳ್ಕೊಂಡೆ.”

“ಅಣ್ಣ ಏನಂದ?”

“ಇನ್ಮೇಲಾದ್ರೂ ಕುಡಿ ಅಂದ್ರು.”

ನರ್ಸ್ ಬಾಗಿಲಲ್ಲಿ ನಿಂತು ಕರೆದರು.

“ಬೇರೆ ಔಷಧಿ ಹೇಳ್ತಾರಂತೆ,” ಎಂದರು ಅತ್ತಿಗೆ. “ನೀನೂ ಒಳಗೆ ಬಾ.”

“ನಾನು ಯಾವ ಮುಖ ಇಟ್ಕೊಂಡು ಬರ್ಲಿ ಅತ್ತಿಗೆ?”

ಅತ್ತಿಗೆ ಗೋಡೆ ಹಿಡಿದು ನಿಧಾನವಾಗಿ ಎದ್ದರು.

“ಇರೋ ಮುಖಾನೇ ಇಟ್ಕೊಂಡು ಬಾ. ಬಂದು ಸರಿಯಾಗಿ ಕೇಳಿಸ್ಕೋ. ಮನೆ ಮಂದಿಗೆಲ್ಲ ಹೇಳೋಳು ನೀನೇ ತಾನೇ.”